ಮೀನಣ್ಣನ ಗಾಜಿನ ತೊಟ್ಟಿ

ಅವನಿಗೆ ಮೀನಣ್ಣ ಅಂತ ಹೆಸರು ಬಿದ್ದದ್ದು ತಲೆಕೂದಲು ಬೆಳ್ಳಗಾದ ಮೇಲೆ. ಅದಕ್ಕೆ ಮುಂಚೆ ಅವನು ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯ ನೂರಾರು ಜನರಲ್ಲಿ ಒಬ್ಬ, ಅಷ್ಟೆ. ಹಬೆಯಾಡುವ ಬಣ್ಣದ ಬಾನಿಗಳ ಪಕ್ಕ ನಿಂತು ನಿಂತು ಉಗುರುಗಳೆಲ್ಲ ನೀಲಿಗಟ್ಟಿದ್ದವು. ಊಟಕ್ಕೆ ಕೂತಾಗಲೆಲ್ಲ ತಂಗಿ, "ಕೈ ತೊಳ್ಕೊಂಡ್ಯಾ, ಇಲ್ಲಾ ಹಾಗೇ ಬಂದ್ಯಾ?" ಅಂತ ರೇಗಿಸುವಳು. ಪಾಪ, ತೊಳೆದೇ ಬಂದಿರುತ್ತಿದ್ದ. ಆ ನೀಲಿ ಯಾವ ಸೋಪಿಗೂ ಜಗ್ಗುವಂಥದ್ದಲ್ಲ.

ಮನೆಯಲ್ಲಿ ಇದ್ದದ್ದು ಅವರಿಬ್ಬರೇ. ಇವನ ಹೆಂಡತಿ ತೀರಿಕೊಂಡಿದ್ದಳು, ಅವಳ ಗಂಡ ಹೇಳದೆ ಕೇಳದೆ ಎಲ್ಲಿಗೋ ಹೊರಟುಹೋಗಿದ್ದ. ಕಾರ್ಖಾನೆಯ ಹಿಂದಿನ ಗಲ್ಲಿಯಲ್ಲಿ ಎರಡು ಕೋಣೆಯ ಮನೆ. ಮುಂದಿನ ಕೋಣೆಯಲ್ಲಿ ಅವಳ ಹೊಲಿಗೆ ಯಂತ್ರ, ಹಿಂದಿನದರಲ್ಲಿ ಒಲೆ, ಕುಡಿಯುವ ನೀರಿನ ಕ್ಯಾನು, ಇವನ ಹಾಸಿಗೆ. ಅವಳ ಬಾಯಿ ಜೋರು, ಇವನದು ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ಹಾಗಾಗಿ ಸಂಸಾರ ಸಲೀಸಾಗಿ ನಡೆದಿತ್ತು.

ಹಬೆ ಕುಡಿದು ಕುಡಿದು ಕೆಮ್ಮು ಅಂಟಿಕೊಂಡಾಗ ಇವನನ್ನು ಹೊರಗಿನ ಕೆಲಸಕ್ಕೆ ಹಾಕಿದರು. ಬಾನಿಗಳಿಂದ ಬರುವ ಕೊಳೆನೀರನ್ನು ಶುದ್ಧ ಮಾಡುವ ಪ್ಲಾಂಟು. ಒಂದು ಕೊಳದಲ್ಲಿ ನೊರೆ, ಒಂದರಲ್ಲಿ ರಾಡಿ, ಕೊನೆಯ ಕೊಳವೆಯಲ್ಲಿ ನೋಡಲು ತಿಳಿಯಾದ ನೀರು. ರಾಡಿ ಎತ್ತುವುದು, ಮೋಟಾರು ನೋಡುವುದು ಇವನ ಪಾಲಿಗೆ ಬಂತು. ನಾತ ಒಂದು ಬಿಟ್ಟರೆ ಕೆಲಸ ಹಗುರವಾಗಿತ್ತು.

ಅಷ್ಟರಲ್ಲಿ ಕಾರ್ಖಾನೆಗೆ ಗುರಿಗಳು ಬಂದವು. ಲೋಕದ ದೇಶಗಳೆಲ್ಲ ಕೂತು ಒಪ್ಪಿಕೊಂಡ ಸುಸ್ಥಿರ ಅಭಿವೃದ್ಧಿಯ ಹದಿನೇಳು ಗುರಿಗಳಂತೆ. ಬಟ್ಟೆ ಕೊಳ್ಳುವ ಹೊರದೇಶದವರು, ನೀವೂ ಅವುಗಳ ಪ್ರಕಾರ ನಡೆದರೆ ಮಾತ್ರ ಆರ್ಡರು ಎಂದಿದ್ದರು. ಗೇಟಿನ ಹತ್ತಿರ ಗೋಡೆಯ ತುಂಬ ಬಣ್ಣಬಣ್ಣದ ಹದಿನೇಳು ಚೌಕಗಳು ಎದ್ದವು. "ಬರೀ ಹದಿನೇಳು ಬಣ್ಣಾನಾ? ನಾವು ಒಂದು ಪಾಳಿಯಲ್ಲಿ ಇದಕ್ಕಿಂತ ಜಾಸ್ತಿ ಚರಂಡಿಗೆ ಬಿಡ್ತೀವಲ್ಲಪ್ಪ!" ಅಂದ ಒಬ್ಬ ಹಳೆಯ ಕೆಲಸಗಾರ. ಎಲ್ಲರೂ ನಕ್ಕರು, ಮೀನಣ್ಣನೂ ನಕ್ಕ.

ಗುರಿಗಳನ್ನು ನೋಡಿಕೊಳ್ಳಲು ಒಬ್ಬಳು ಎಳೆಯ ಆಫೀಸರು ಬಂದಳು. ಮಾತೆತ್ತಿದರೆ ಗುರಿ ಎನ್ನುತ್ತಿದ್ದುದರಿಂದ ಗುರಿ ಮೇಡಂ ಆದಳು. ಪ್ಲಾಂಟಿನ ಬಾಗಿಲಲ್ಲಿ ಗಾಜಿನ ದೊಡ್ಡ ತೊಟ್ಟಿ ಇಡಿಸಿ, ಅದರಲ್ಲಿ ಪುಟ್ಟ ಮೀನುಗಳನ್ನು ಬಿಡಿಸಿದ್ದು ಅವಳೇ. "ಇದಕ್ಕೆ ನಾವು ಶುದ್ಧ ಮಾಡಿದ ನೀರನ್ನೇ ಹಾಕ್ಬೇಕು. ಮೀನು ಬದುಕಿದ್ರೆ ನೀರು ಸರಿಯಿದೆ ಅಂತ. ಜನರಿಗೆ ಇದಕ್ಕಿಂತ ಸುಲಭವಾಗಿ ಹೇಳೋಕೆ ಆಗಲ್ಲ, ಅಲ್ವಾ?" ಎಂದು ಮೀನಣ್ಣನಿಗೆ ಜಗ್ಗು, ಬಲೆ, ಮೀನಿನ ಆಹಾರದ ಡಬ್ಬಿ ಕೊಟ್ಟಳು. ಅವಳನ್ನು ಬೈಯಬೇಕು ಅನಿಸುತ್ತದೆ, ಆಗುವುದಿಲ್ಲ. ತಾನು ಹೇಳಿದ್ದನ್ನು ಅವಳು ಮನಸಾರೆ ನಂಬಿದ್ದಳು.

ಮೊದಲ ಮೀನುಗಳು ವಾರ ಕಳೆಯುವ ಮೊದಲೇ ಹೊಟ್ಟೆ ಮೇಲೆ ಮಾಡಿ ತೇಲಿದವು. ಮಾರುವವನು ರೋಗದ ಮೀನು ಕೊಟ್ಟಿರಬೇಕು ಎಂದು ಮ್ಯಾನೇಜರು ಬೇರೆ ತರಿಸಿದ. ಎರಡನೇ ಸಲ ಬಂದವು ಇನ್ನೂ ಎಳಸು. ಹೊಸ ನೀರು ಬಿಟ್ಟ ಕೂಡಲೇ ಮೇಲಕ್ಕೆ ಬಂದು ಬಾಯಿ ಬಾಯಿ ಬಿಡತೊಡಗಿದವು. ಮೀನಣ್ಣ ಜಗ್ಗು ಕೆಳಗಿಟ್ಟ. ಕೆಮ್ಮು ಏರಿದಾಗ ತಾನೂ ಹೀಗೇ ಬಾಯಿ ಬಿಡುವವನಲ್ಲವೇ! ಕ್ಯಾಂಟೀನಿಗೆ ಓಡಿ ಫಿಲ್ಟರಿನ ಕುಡಿಯುವ ನೀರು ಎರಡು ಬಕೆಟ್ ತಂದು ಸುರಿದ. ಮೀನುಗಳು ಚೇತರಿಸಿಕೊಂಡು ಕೆಳಗಿಳಿದವು.

ಮೋಸ ಮಾಡಬೇಕೆಂದು ಮಾಡಿದ್ದಲ್ಲ. ಎಳೆಯವು, ಸ್ವಲ್ಪ ಗಟ್ಟಿಯಾಗಲಿ, ಆಮೇಲೆ ನಿಧಾನಕ್ಕೆ ಪ್ಲಾಂಟಿನ ನೀರು ರೂಢಿ ಮಾಡಿಸಿದರಾಯಿತು ಎಂದುಕೊಂಡಿದ್ದ. ಆದರೆ ಪ್ಲಾಂಟಿನ ನೀರು ಒಂದು ದಿನ ಇದ್ದ ಹಾಗೆ ಇನ್ನೊಂದು ದಿನ ಇರುತ್ತಿರಲಿಲ್ಲ. ಆರ್ಡರು ಜಾಸ್ತಿಯಾಗಿ ಬಾನಿಗಳು ಬಿಡುವಿಲ್ಲದೆ ಕುದಿಯುವಾಗ ಅರ್ಧಂಬರ್ಧ ಶುದ್ಧವಾದ ನೀರೇ ಮುಂದಕ್ಕೆ ಹೋಗುತ್ತಿತ್ತು. ಅಂಥ ದಿನ ಒಂದು ಜಗ್ಗು ಹಾಕಿದರೂ ಮೀನು ಒದ್ದಾಡುವವು. ಇವತ್ತು ಬೇಡ, ನಾಳೆ ನೋಡೋಣ ಅಂತ ಮುಂದೂಡುತ್ತಾ, ಕ್ಯಾಂಟೀನಿನ ನೀರನ್ನೇ ಹಾಕುತ್ತಾ ಹೋದ.

ಅಷ್ಟರಲ್ಲಿ ಮೀನು ದೊಡ್ಡವಾದವು. ನೋಡಲು ಬಂದ ಹೊರದೇಶದವರು ಫೋಟೋ ಹಿಡಿದರು. ಕಾರ್ಖಾನೆಗೆ ಪ್ರಶಸ್ತಿ ಬಂತು. ಗುರಿ ಮೇಡಂ ಎಲ್ಲರೆದುರು ಇವನನ್ನು ಕರೆದು ಚಪ್ಪಾಳೆ ತಟ್ಟಿಸಿದಾಗ ಅವನ ಮುಖ ಹುಳ್ಳಗಾಯಿತು. ನಾಚಿಕೆ ಎಂದುಕೊಂಡು ಎಲ್ಲರೂ ಇನ್ನೂ ಜೋರಾಗಿ ತಟ್ಟಿದರು. ಬಾಯಿ ಬಿಡಬೇಕಾದರೆ ಅವತ್ತೇ ಬಿಡಬೇಕಿತ್ತು.

ಆಮೇಲೆ, ಸುತ್ತಲಿನ ಜನರಿಗೂ ನೀರು ಸಿಗುವುದು ಒಂದು ಗುರಿಯೇ ಎಂದು ಪ್ಲಾಂಟಿನ ನೀರಿಗೆ ಕೊಳವೆ ಎಳೆದು ಹಿಂದಿನ ಗಲ್ಲಿಗೆ ಒಂದು ನಲ್ಲಿ ಹಾಕಿಸಿದರು. ಬಟ್ಟೆ, ಪಾತ್ರೆ, ಗಿಡಗಳಿಗೆ ಮಾತ್ರ, ಕುಡಿಯಬಾರದು ಎಂದು ಮೇಡಂ ಹಟ ಹಿಡಿದು ಫಲಕ ಹಾಕಿಸಿದಳು. ಆದರೆ ನಲ್ಲಿ ತಿರುಗಿಸುವ ದಿನ ಮ್ಯಾನೇಜರು ಗಲ್ಲಿಯ ಹೆಂಗಸರನ್ನೆಲ್ಲ ಕರೆದು ಗಾಜಿನ ತೊಟ್ಟಿ ತೋರಿಸಿದ. "ಅಬ್ಬಾ, ನಮ್ಮನೆ ನೀರಿಗಿಂತ ತಿಳಿಯಾಗಿದೆಯಲ್ಲ!" ಅಂದಳು ಒಬ್ಬಳು. ತಂಗಿಯೂ ಅಲ್ಲಿದ್ದಳು. ಅಣ್ಣನ ಮೀನುಗಳನ್ನು ನೋಡಿ ಅವಳ ಕಾಲು ನೆಲಕ್ಕೇ ತಾಗಲಿಲ್ಲ.

ಬೇಸಿಗೆ ಬಂತು. ಊರಿಗೆಲ್ಲ ನೀರಿನ ಬರ. ಕ್ಯಾಂಟೀನಿನ ಫಿಲ್ಟರಿಗೆ ಬೀಗ ಹಾಕಿ, ಊಟದ ಹೊತ್ತಿಗೆ ಆಳಿಗೊಂದು ಲೋಟ ಅಂತ ಕೊಡತೊಡಗಿದರು. ತೊಟ್ಟಿಗೆ ಹಾಕಲು ಮೀನಣ್ಣನಿಗೆ ನೀರಿಲ್ಲದಾಯಿತು. ಕೊನೆಗೆ ಮನೆಯ ಕ್ಯಾನಿನಿಂದ ಒಂದು ಡಬ್ಬದ ತುಂಬ ನೀರು ತುಂಬಿಸಿ, ಸೈಕಲ್ಲಿಗೆ ಕಟ್ಟಿಕೊಂಡು ಹೋಗಲು ಶುರುಮಾಡಿದ.

"ಅಲ್ಲಣ್ಣಾ, ಕ್ಯಾನು ಇಷ್ಟು ಬೇಗ ಹೇಗೆ ಖಾಲಿ ಆಗುತ್ತೆ? ಟ್ಯಾಂಕರ್ ಬರೋದೇ ಅಪರೂಪ," ಅಂದಳು ತಂಗಿ.

"ಕೆಲಸದ ಕಡೆ ಕುಡಿಯೋಕೆ ನೀರಿಲ್ಲ ಕಣಮ್ಮಾ. ಎಲ್ಲರೂ ಕೇಳ್ತಾರೆ."

"ಊರಿಗೆಲ್ಲ ನೀರು ಹಂಚೋ ದೊಡ್ಡ ಸಾಹುಕಾರ ನೀನು!" ಅಂತ ನಕ್ಕಳು. ಮತ್ತೆ ಆ ಮಾತು ಎತ್ತಲಿಲ್ಲ. ಎತ್ತಿ ಜಗಳ ಆಡಿದ್ದರೆ ಎಷ್ಟು ಚೆನ್ನಾಗಿತ್ತು!

ಅವಳು ಕೊಡ ಹಿಡಿದು ಗಲ್ಲಿಯ ನಲ್ಲಿಯಿಂದ ಬರುವುದನ್ನು ಅವನು ನೋಡುತ್ತಿದ್ದ. "ಅದು ಬಟ್ಟೆಗೆ ಮಾತ್ರ, ತಿಳೀತಾ? ಬಾಯಿಗೆ ಹಾಕ್ಬೇಡ," ಅಂತ ಹೇಳಿಯೂ ಇದ್ದ. "ಆಯ್ತಪ್ಪಾ ಆಯ್ತು, ಫಲಕ ಓದೋಕೆ ನನಗೂ ಬರುತ್ತೆ," ಅಂದಿದ್ದಳು. ಯಾಕೆ ಬೇಡ ಅಂತ ಅವನು ಹೇಳಲಿಲ್ಲ. ಹೇಳಿದರೆ ಇವಳ ಬಾಯಲ್ಲಿ ನಿಲ್ಲದೆ ಗಲ್ಲಿಯಿಡೀ ಹಬ್ಬುತ್ತದೆ, ಇದ್ದ ಕೆಲಸವೂ ಹೋಗುತ್ತದೆ ಎಂಬ ದಿಗಿಲು.

ಬೇಸಿಗೆ ಮುಗಿಯುವಷ್ಟರಲ್ಲಿ ತಂಗಿಯ ಮುಖ ಊದಿಕೊಂಡಿತು. ಪಾದ ಊದಿ ಹೊಲಿಗೆ ಯಂತ್ರ ತುಳಿಯಲು ಆಗದಾಯಿತು. ತಿಂದದ್ದು ದಕ್ಕುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ರಕ್ತದ ರಿಪೋರ್ಟು ನೋಡಿ, "ಎರಡೂ ಕಿಡ್ನಿ ತುಂಬಾ ಕೆಟ್ಟಿದೆ. ಏನಾದ್ರೂ ನಾಟಿ ಔಷಧಿ ತಗೊಂಡ್ರಾ? ಕುಡಿಯೋಕೆ ಯಾವ ನೀರು?" ಎಂದಳು.

"ನಲ್ಲಿ ನೀರು. ಕಾರ್ಖಾನೆಯವರು ಕೊಟ್ಟಿದ್ದಾರಲ್ಲ, ಅದು."

ಮೀನಣ್ಣ ತಂಗಿಯ ಕಡೆ ತಿರುಗಿದ. "ಏನಂದೆ? ಬೇಡ ಅಂದಿರಲಿಲ್ವಾ ನಾನು?"

"ಕ್ಯಾನು ಸಾಲ್ತಿರಲಿಲ್ವಲ್ಲಣ್ಣಾ. ನಿನಗೆ ಅದನ್ನ ಎತ್ತಿಟ್ಟು, ನಾನು ಇದನ್ನ ಕುಡೀತಿದ್ದೆ. ನಿನ್ನ ಮೀನು ಕುಡಿಯೋದೂ ಅದನ್ನೇ ಅಲ್ವಾ? ಅವು ದುಂಡುದುಂಡಗಿಲ್ವಾ?"

ನೀರಿನಿಂದಲೇ ಅಂತ ಖಂಡಿತ ಹೇಳಲಾಗದು, ಆದರೆ ಅದನ್ನು ಇವತ್ತೇ ನಿಲ್ಲಿಸಿ ಎಂದಳು ಡಾಕ್ಟರಮ್ಮ. ಅವನಿಗೆ ಕೇಳಿಸಿತೋ ಇಲ್ಲವೋ. ಹೊರಗಿನ ಬೆಂಚಿನ ಮೇಲೆ ತಂಗಿಯನ್ನು ಕೂರಿಸಿ, ಅವಳ ಊದಿದ ಕಾಲ ಬಳಿ ಕೂತು ಎಲ್ಲ ಹೇಳಿಬಿಟ್ಟ. "ನಾನು ಡಬ್ಬದಲ್ಲಿ ಒಯ್ತಿದ್ದದ್ದು ಅವಕ್ಕೇ ಕಣೇ. ನಮ್ಮನೆ ನೀರಲ್ಲಿ ಬದುಕಿದ್ದವು ಅವು."

ಹುಟ್ಟಿದಾಗಿನಿಂದ ಅವಳು ಅಷ್ಟು ಹೊತ್ತು ಬಾಯಿ ಮುಚ್ಚಿ ಕೂತಿದ್ದನ್ನು ಅವನು ಕಂಡಿರಲಿಲ್ಲ.

"ನನಗೆ ಹೇಳಿದ್ರೆ ಏನಾಗ್ತಿತ್ತಣ್ಣಾ? ನಾನೇನು ಡಂಗುರ ಹೊಡೀತಿದ್ನಾ?" ಎಂದಳು. ಆಮೇಲೆ ತಾನೇ, "ಹೊಡೀತಿದ್ದೆ ಬಿಡು," ಅಂದು ಅವನ ತಲೆಯ ಮೇಲೆ ಕೈಯಿಟ್ಟಳು. ಅವನು ಆಸ್ಪತ್ರೆಯ ಜನರೆಲ್ಲ ತಿರುಗಿ ನೋಡುವ ಹಾಗೆ ಅತ್ತ.

ಮರುದಿನ ಕಾರ್ಖಾನೆಯಲ್ಲಿ ಕಪ್ಪು ಬಣ್ಣದ ಕೆಲಸ ಭರದಿಂದ ನಡೆದಿತ್ತು. ಮೀನಣ್ಣ ತೊಟ್ಟಿಯ ನೀರು ತೆಗೆದು, ಮೇಡಂ ಮೊದಲ ದಿನ ಹೇಳಿಕೊಟ್ಟ ಹಾಗೆ, ಕೊಳವೆಯ ಕೊನೆಯ ನೀರನ್ನೇ ತುಂಬಿಸಿದ. ಎದುರಿಗೇ ಕೂತು ನೋಡಿದ. ಊಟದ ಗಂಟೆ ಹೊಡೆಯುವ ಮೊದಲೇ ಎಲ್ಲ ಮುಗಿದಿತ್ತು. ತಾನು ಸಾಕಿ ದೊಡ್ಡದು ಮಾಡಿದ ಮೀನುಗಳು. ಅವುಗಳನ್ನು ತಟ್ಟೆಯಲ್ಲಿ ಹಾಕಿಕೊಂಡು ನೇರ ಮ್ಯಾನೇಜರ ಕೋಣೆಗೆ ಹೋಗಿ ಮೇಜಿನ ಮೇಲಿಟ್ಟ. ಗುರಿ ಮೇಡಮ್ಮೂ ಅಲ್ಲಿದ್ದಳು.

"ಸಾರ್, ಇವು ಇಷ್ಟು ದಿನ ಬದುಕಿದ್ದು ಕುಡಿಯೋ ನೀರಲ್ಲಿ. ನಾನೇ ಮನೆಯಿಂದ ಸೈಕಲ್ ಮೇಲೆ ತಂದು ಹಾಕ್ತಿದ್ದೆ. ಪ್ಲಾಂಟಿನ ನೀರು ಸರಿಯಿಲ್ಲ. ಗಲ್ಲಿಯ ನಲ್ಲಿ ಬಂದ್ ಮಾಡ್ಸಿ ಸಾರ್. ನನ್ನ ತಂಗಿ ಅದನ್ನ ಕುಡಿದು ಸಾಯ್ತಿದ್ದಾಳೆ."

ಮೇಡಂ ಬಿಳಿಚಿಕೊಂಡಳು. "ನಾನು ಎಲ್ಲಾ ಕಡೆ ಹೇಳ್ಕೊಂಡು ಬಂದಿದೀನಲ್ಲ..." ಅಂದಳು.

ಮ್ಯಾನೇಜರು ಎದ್ದು ಬಾಗಿಲು ಹಾಕಿದ. ಸಿಟ್ಟಾಗಲಿಲ್ಲ, ಅದೇ ಭಯ ಹುಟ್ಟಿಸುವಂತಿತ್ತು. "ಕುಡೀಬೇಡಿ ಅಂತ ಫಲಕ ಇದೆ. ಕುಡಿದಿದ್ದು ಅವರ ತಪ್ಪು. ಈಗ ನಲ್ಲಿ ಬಂದ್ ಮಾಡಿದ್ರೆ ನಮ್ಮದೇ ತಪ್ಪು ಅಂತ ನಾವೇ ಒಪ್ಕೊಂಡ ಹಾಗಾಗುತ್ತೆ." ತಟ್ಟೆಯನ್ನು ಬೆರಳ ತುದಿಯಿಂದ ದೂರ ತಳ್ಳಿದ. "ಪ್ಲಾಂಟು ಸರಿಮಾಡೋಣ, ಸಮಯ ಬೇಕು. ಅಲ್ಲೀತನಕ ನೀನು ಕಂಡುಕೊಂಡಿದ್ದೇ ಒಳ್ಳೆ ಉಪಾಯ. ತೊಟ್ಟಿಗೆ ಫಿಲ್ಟರ್ ನೀರಿನ ಒಂದು ಪೈಪ್ ಹಾಕಿಸ್ತೀನಿ. ಸೈಕಲ್ ಮೇಲೆ ಹೊರೋದೂ ತಪ್ಪುತ್ತೆ, ಏನಂತೀಯ?"

ಮೀನಣ್ಣ ತಟ್ಟೆ ಎತ್ತಿಕೊಂಡು ಗಲ್ಲಿಗೆ ಹೋಗಿ ನಲ್ಲಿಯ ಕೆಳಗಿಟ್ಟ. ಕೊಡ ಹಿಡಿದು ಬಂದವರಿಗೆಲ್ಲ ಗಂಟಲು ಹರಿಯುವ ಹಾಗೆ ಹೇಳಿದ. ಒಬ್ಬಳು ಕೊಡದ ನೀರನ್ನು ಚರಂಡಿಗೆ ಚೆಲ್ಲಿ ಹೋದಳು. ಉಳಿದವರು ತಿರುಗಿಬಿದ್ದರು. "ನಿನ್ನ ತಂಗಿಗೆ ಕಾಯಿಲೆ ಬಂತು ಅಂತ ಊರಿನ ನೀರೆಲ್ಲಾ ನಿಲ್ಲಿಸ್ತೀಯಾ? ನೀನೇ ಮೀನು ಸಾಕಿದವನು, ಈಗ ನೀನೇ ಸತ್ತ ಮೀನು ತಂದಿಟ್ಟು ಹೆದರಿಸ್ತೀಯಾ? ಯಾವ ಮಾತು ನಂಬೋದಯ್ಯಾ ನಿಂದು?"

ಮ್ಯಾನೇಜರು ಅವನನ್ನು ಕೆಲಸದಿಂದ ತೆಗೆಯಲಿಲ್ಲ. ತೆಗೆದರೆ ಹೊರಗೆ ಮಾತಾಡಿಯಾನು ಅಂತ ಮತ್ತೆ ಬಣ್ಣದ ಬಾನಿಗಳ ಹಬೆಗೆ ಹಾಕಿದ. ಗುರಿ ಮೇಡಂ ಒಮ್ಮೆ ಮನೆಗೆ ಬಂದಳು. ತಂಗಿಯ ಹಾಸಿಗೆಯ ಪಕ್ಕ ಕೂತು ಏನೋ ಹೇಳಬೇಕೆಂದು ಒದ್ದಾಡಿದಳು. "ನೀರು ಕುಡೀತಿಯೇನಮ್ಮಾ? ಹೆದರಬೇಡ, ಕ್ಯಾನಿಂದು," ಅಂದಳು ತಂಗಿ. ಹುಡುಗಿ ಲೋಟ ಹಿಡಿದು ಬಿಕ್ಕಿ ಬಿಕ್ಕಿ ಅತ್ತಳು. ಕೆಲವು ದಿನಕ್ಕೆ ಕೆಲಸ ಬಿಟ್ಟಳೆಂದು ಸುದ್ದಿಯಾಯಿತು. ಹದಿನೇಳು ಚೌಕಗಳು ಗೋಡೆಯ ಮೇಲೆ ಹಾಗೇ ಇದ್ದವು. ತೊಟ್ಟಿಗೆ ಪೈಪು ಬಂತು, ಹೊಸ ಮೀನು ಬಂದವು, ಅವು ಸಾಯಲಿಲ್ಲ.

ತಂಗಿ ಚಳಿಗಾಲ ಕಾಣಲಿಲ್ಲ. ಕೊನೆಕೊನೆಗೆ ಅವಳಿಗೆ ವಿಪರೀತ ಬಾಯಾರಿಕೆ, ಆದರೆ ನೀರು ಜಾಸ್ತಿ ಕೊಡಬೇಡಿ ಎಂದಿದ್ದಳು ಡಾಕ್ಟರಮ್ಮ. ಮೀನಣ್ಣ ಚಮಚದಲ್ಲಿ ಅಳೆದು ಅಳೆದು ಬಿಡುತ್ತಿದ್ದ. "ಇನ್ನೊಂದು ಚೂರು ಹಾಕಣ್ಣಾ, ಮೀನಿಗಾದ್ರೆ ಡಬ್ಬಗಟ್ಟಲೆ ಒಯ್ತಿದ್ಯಲ್ಲ," ಅಂದಳು ಒಂದು ದಿನ. ತಮಾಷೆಗೇ ಅಂದದ್ದು, ನಗಲೂ ನಕ್ಕಳು. ಅವನು ಚಮಚ ಹಿಡಿದುಕೊಂಡೇ ಕೂತಿದ್ದ. ಹಾಕಬೇಕೋ ಬೇಡವೋ ತಿಳಿಯಲಿಲ್ಲ.

ಈಗ ಅವನೊಬ್ಬನೇ. ಉಗುರು ಮತ್ತೆ ನೀಲಿಯಾಗಿದೆ, ಕೈ ತೊಳೆದೆಯಾ ಅಂತ ಕೇಳುವವರಿಲ್ಲ. ಟ್ಯಾಂಕರ್ ಬಂದ ದಿನ ಕ್ಯಾನು ತುಂಬಿಸಿಕೊಳ್ಳುತ್ತಾನೆ. ಮುಂದಿನ ಟ್ಯಾಂಕರ್ ಬಂದಾಗಲೂ ಅದರಲ್ಲಿ ನೀರು ಉಳಿದಿರುತ್ತದೆ.