ಸಿಲ್ವರ್ ಪೇಂಟಿನ ಅನಂತರಾಜು

ದೊಡ್ಡಆಲಹಳ್ಳಿಯ ನಮ್ಮ ಬೀದಿಯಲ್ಲಿ ಅನಂತರಾಜುವಿನಷ್ಟು ತಿಳಿದವನು ಇನ್ನೊಬ್ಬನಿಲ್ಲ ಎಂಬುದು ಅನಂತರಾಜುವಿನ ಅಭಿಪ್ರಾಯ. ಹಾರೋಹಳ್ಳಿಯ ಕಾರ್ಖಾನೆಯೊಂದರಲ್ಲಿ ಅವನು ಪೇಂಟ್ ಸೆಕ್ಷನ್ನಿನ ಸೂಪರ್‌ವೈಸರ್. ಬಣ್ಣದಡಿ ಸಾಸಿವೆ ಕಾಳಿನಷ್ಟು ತುಕ್ಕು ಉಳಿದಿದ್ದರೂ ಆ ಮಾಲನ್ನು ಪಕ್ಕಕ್ಕೆ ಎತ್ತಿಡಿಸುವುದು, ಕೆಲಸ ಮಾಡಿದವನನ್ನು ನಾಲ್ಕು ಜನರೆದುರು ಬಯ್ಯುವುದು ಅವನ ಉದ್ಯೋಗ. ಬಯ್ಯುವುದರಲ್ಲಿ ಅವನನ್ನು ಮೀರಿಸಿದವರಿಲ್ಲ.

ಭಾನುವಾರ ಬಂತೆಂದರೆ ಸ್ಕೂಟರಿಗೆ ಬೋರ್‌ವೆಲ್ ನೀರು ಬಿಟ್ಟು ತೊಳೆಯುತ್ತಿದ್ದ. ಅದರ ಕೆಂಪು ಮೈಯನ್ನು ಮುಖ ಕಾಣುವವರೆಗೆ ಹಳೇ ಬನಿಯನ್ನಿನಿಂದ ಒರೆಸುತ್ತಿದ್ದ. ಬಗ್ಗಿ ಅಡಿಭಾಗ ನೋಡಿದವನಲ್ಲ. ಒದ್ದೆ ಗಾಡಿಯನ್ನು ಹಾಗೇ ತಳ್ಳಿಕೊಂಡು ಹೋಗಿ ಕೊಟ್ಟಿಗೆಯಲ್ಲಿ, ಸೀಮೆಹಸುಗಳ ಗಂಜಲ ಹರಿಯುವ ಮೋರಿಯ ಪಕ್ಕದಲ್ಲಿ ನಿಲ್ಲಿಸುತ್ತಿದ್ದ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಸೈಲೆನ್ಸರ್ ತುಂಬ ತುಕ್ಕಿನ ಹೊಪ್ಪಳೆ ಎದ್ದಿತು.

ಕನಕಪುರದ ಮೆಕ್ಯಾನಿಕ್ ನಜೀರ್ ಆಗಲೇ ಎಚ್ಚರಿಸಿದ್ದ. ತಂತಿ ಬ್ರಷ್ಷಿನಲ್ಲಿ ತುಕ್ಕನ್ನು ಪೂರ್ತಿ ಉಜ್ಜಿ, ಥಿನ್ನರಿನಲ್ಲಿ ಒರೆಸಿ, ಕಾವು ತಡೆಯುವ ಬಣ್ಣ ಹೊಡೆಯಬೇಕು, ತೊಳೆದ ಮೇಲೆ ಗಾಡಿಯನ್ನು ಒಂದು ಸುತ್ತು ಓಡಿಸಿ ನೀರು ಆರಿಸಬೇಕು, ಕೊಟ್ಟಿಗೆಯಲ್ಲಂತೂ ನಿಲ್ಲಿಸಲೇಬಾರದು. ಅನಂತರಾಜು ನಕ್ಕುಬಿಟ್ಟ. ಪೇಂಟಿನ ವಿಷಯವನ್ನು ತನಗೆ ಗ್ಯಾರೇಜಿನವನು ಹೇಳಿಕೊಡುವುದೇ? ಮನೆಗೆ ಬಂದವನೇ, ಗೇಟಿಗೆ ಬಳಿದು ಉಳಿದಿದ್ದ ಸಿಲ್ವರ್ ಪೇಂಟನ್ನು ತುಕ್ಕಿನ ಮೇಲೆಯೇ ಬಳಿದ. ವಾರದೊಳಗೆ ಅದು ಸುಟ್ಟು ಸಿಪ್ಪೆ ಎದ್ದಿತು. ಮತ್ತೆ ಬಳಿದ. ಹೀಗೆ ಮೂರು ವರ್ಷ. ಕಾರ್ಖಾನೆಯಲ್ಲಿ ಯಾರಾದರೂ ಇಂಥ ಕೆಲಸ ಮಾಡಿದ್ದರೆ ಅವನನ್ನು ಸಂಜೆಯೊಳಗೆ ಮನೆಗೆ ಕಳಿಸಿರುತ್ತಿದ್ದ.

ಅಷ್ಟರಲ್ಲಿ, ಕಾಲಿಗೆ ಕಾವು ತಾಗದಿರಲೆಂದು ಸೈಲೆನ್ಸರಿನ ಮೇಲೆ ಇರುವ ಕವರ್ ಕೂಡ ಸ್ಕ್ರೂ ಸವೆದು ಎಲ್ಲೋ ಬಿದ್ದುಹೋಯಿತು. ಹೊಸದು ಹಾಕಿಸಿ ಎಂದು ಹೆಂಡತಿ ಭಾನುಪ್ರಿಯ ಎರಡು ಸಲ ಹೇಳಿದಳು. ಅದು ಬರೀ ಶೋಕಿಗೆ ಇರುವುದು ಎಂದು ಅವಳ ಬಾಯಿ ಮುಚ್ಚಿಸಿದ.

ಕಳೆದ ಜೂನ್‌ನಲ್ಲಿ ಮಗಳು ನಯನಾಳಿಗೆ ಕನಕಪುರದಲ್ಲಿ ಬಿ.ಕಾಂ. ಪರೀಕ್ಷೆ. ಅಪ್ಪನ ಹಿಂದೆ ಎರಡೂ ಕಡೆ ಕಾಲು ಹಾಕಿ ಕೂತಿದ್ದಳು. ಊರಿನ ಹತ್ತಿರದ ಹಂಪ್ ಹಾರಿಸಿದಾಗ ಸೈಲೆನ್ಸರನ್ನು ಹಿಡಿದಿದ್ದ ಪಟ್ಟಿ ಮುರಿದು, ಸೈಲೆನ್ಸರ್ ರಸ್ತೆಗೆ ಜೋತು ಕರಕರ ಉಜ್ಜತೊಡಗಿತು. ಅನಂತರಾಜು ಗಾಬರಿಯಿಂದ ಬ್ರೇಕ್ ಒತ್ತಿದ. ಗಾಡಿ ಬಲಕ್ಕೆ ವಾಲಿ ಬಿತ್ತು. ಪೆಟ್ಟೇನೂ ಜೋರಾಗಿರಲಿಲ್ಲ, ಆದರೆ ನಯನಾಳ ಮೀನಖಂಡ ಸುಡುವ ಕಬ್ಬಿಣದಡಿ ಸಿಕ್ಕಿಕೊಂಡಿತು. ಅವಳು ಕಿರುಚಿದಳು. ಎದ್ದ ಅಪ್ಪ ಮೊದಲು ನೋಡಿದ್ದು ಗಾಡಿಯ ಮೈಯನ್ನು. ಕೆಂಪು ಬಣ್ಣದ ಮೇಲೆ ಉದ್ದಕ್ಕೆ ಗೀರು ಬಿದ್ದಿತ್ತು.

"ಕಾಲು ಒಸಿ ನೋಡ್ಕಂಡ್ ಇಕ್ಕಬಾರ್ದಾ?" ಎಂದ ಮಗಳಿಗೆ.

ಬಸ್ಸಿಗೆ ಕಾಯುತ್ತಿದ್ದ ಹೆಂಗಸೊಬ್ಬಳು ಗಾಡಿ ಎತ್ತಿಸಿ, ತನ್ನ ಬಾಟಲಿಯ ನೀರನ್ನೆಲ್ಲ ಹುಡುಗಿಯ ಕಾಲಿಗೆ ಸುರಿದು, ಬಸ್ಸು ಹತ್ತಿಸಿದಳು. ನಯನಾ ಕಾಲನ್ನು ಬೆಂಚಿನಾಚೆ ಚಾಚಿಕೊಂಡು ಮೂರು ಗಂಟೆ ಪರೀಕ್ಷೆ ಬರೆದಳು. ಅನಂತರಾಜು ಆ ವಾರವಿಡೀ ಟೀ ಅಂಗಡಿಯಲ್ಲಿ ಈಗಿನ ಕಾಲದ ತಗಡು ಎಷ್ಟು ಕಳಪೆ ಎಂದು ಉಪನ್ಯಾಸ ಕೊಟ್ಟ.

ಭಾನುಪ್ರಿಯ ಗಂಡನೊಂದಿಗೆ ಜಗಳವಾಡಲಿಲ್ಲ. ಸ್ಕೂಟರನ್ನು ಗೂಡ್ಸ್ ಆಟೋಗೆ ಹಾಕಿಸಿ ನಜೀರನ ಗ್ಯಾರೇಜಿಗೆ ಒಯ್ದಳು. ಅವನು ಸ್ಕ್ರೂಡ್ರೈವರಿನಿಂದ ಒತ್ತಿದರೆ ಸೈಲೆನ್ಸರ್ ಹಪ್ಪಳದಂತೆ ಮುರಿದು ಒಳಗೆ ಹೋಯಿತು.

"ಅಕ್ಕ, ಕಬ್ಣ ಯಾವತ್ತೋ ಹೋಗ್ಬುಟ್ಟೈತೆ. ಇಷ್ಟ್ ದಿನ ಪೇಂಟೇ ಹಿಡ್ಕಂಡಿತ್ತು," ಎಂದ.

"ಇನ್ಮ್ಯಾಕೆ ನಾನೇ ನೋಡ್ಕತೀನಿ. ಹೆಂಗ್ ಮಾಡ್ಬೇಕು ಅಂತ ತೋರ್ಸಣ್ಣ," ಎಂದಳು ಭಾನುಪ್ರಿಯ.

ನಜೀರನ ಬಳಿ ಹಳೇ ಸೈಲೆನ್ಸರ್ ಒಂದಿತ್ತು. ಮೇಲೆ ತುಕ್ಕು ಹಿಡಿದಿದ್ದರೂ ಒಳಗೆ ಗಟ್ಟಿ. ಭಾನುಪ್ರಿಯ ಸೆರಗು ಸಿಕ್ಕಿಸಿ ಕೂತು, ಮಧ್ಯಾಹ್ನವಿಡೀ ತಂತಿ ಬ್ರಷ್ಷಿನಲ್ಲಿ ಉಜ್ಜಿದಳು. ಕೈಯಲ್ಲಿ ಬೊಬ್ಬೆ ಎದ್ದರೂ ಬಿಳಿ ಲೋಹ ಕಾಣುವವರೆಗೆ ಬಿಡಲಿಲ್ಲ. ಥಿನ್ನರಿನಲ್ಲಿ ಒರೆಸಿ, ಕಾವು ತಡೆಯುವ ಕಪ್ಪು ಬಣ್ಣವನ್ನು ಎರಡು ಸಲ ಹೊಡೆದು, ಅದನ್ನು ಗಾಡಿಗೆ ಕೂರಿಸಿ, ಕವರನ್ನೂ ಹಾಕಿಸಿಕೊಂಡು ಬಂದಳು. ಗಾಡಿ ಈಗ ಜಗಲಿಯ ಮೇಲೆ ನಿಲ್ಲುತ್ತದೆ. ಕೀ ಅವಳ ಹತ್ತಿರವೇ ಇರುತ್ತದೆ. ಅನಂತರಾಜು ಕಾರ್ಖಾನೆಗೆ ಬಸ್ಸಿನಲ್ಲಿ ಹೋಗುತ್ತಾನೆ. ಹೆಂಡತಿಗೆ ಪೇಂಟ್ ಕೆಲಸ ಕಲಿಸಿದವನು ತಾನೇ ಎಂದು ಪಕ್ಕದ ಸೀಟಿನವರಿಗೆ ಹೇಳುತ್ತಾನೆ. ನಮ್ಮಲ್ಲಿ ಯಾರೂ ಅದನ್ನು ತಿದ್ದಲು ಹೋಗುವುದಿಲ್ಲ.

ನಯನಾ ಪಾಸಾದಳು. ಕಾಲಿನ ಕಲೆ ಹೋಗಿಲ್ಲ. ಮಾರ್ಕ್ಸ್ ಕಾರ್ಡ್ ತರುವ ದಿನ ಅಪ್ಪ ಹೆಂಡತಿಯಿಂದ ಕೀ ಕೇಳಿ ಪಡೆದು, ಗಾಡಿ ಸ್ಟಾರ್ಟ್ ಮಾಡಿ, ಹತ್ತು ಎಂದು ಮಗಳನ್ನು ಕರೆದ. ಅವಳು ಚಪ್ಪಲಿ ಮೆಟ್ಟಿಕೊಂಡು ಬ್ಯಾಗು ಹೆಗಲಿಗೆ ಹಾಕಿಕೊಂಡಳು.

"ಬಸ್ಸಲ್ಲೇ ಹೋಯ್ತೀನಿ ಬುಡಪ್ಪ," ಎಂದು ಅವನ ಮುಖ ಕೂಡ ನೋಡದೆ ನಡೆದಳು.