ಪಡುವಣ ಗೋಡೆ

ನಾನು ಯಾರನ್ನೂ ಸುಲಭಕ್ಕೆ ನಂಬುವವನಲ್ಲ. ಹಾಲಿನವನು ಅಳೆಯುವಾಗಲೂ ಬಗ್ಗಿ ನೋಡುತ್ತೇನೆ. ಅಂಥ ನಾನಿರುವ ಮನೆಯ ಮಾಳಿಗೆಗೆ ಕರಾವಳಿ ಆಂಧ್ರದವನೊಬ್ಬ ಹೆಂಡತಿಯೊಡನೆ ಬಾಡಿಗೆಗೆ ಬಂದ. ನಮ್ಮೂರು ಆದೋನಿಯ ಹತ್ತಿ ಮಿಲ್ಲೊಂದರಲ್ಲಿ ಫಿಟ್ಟರ್.

ಮೊದಲ ವಾರವೇ ನನ್ನ ಅನುಮಾನ ಎದ್ದು ಕೂತಿತು. ಶುಕ್ರವಾರ ಹೊತ್ತು ಮುಳುಗುವ ಮುಂಚೆ ಎರಡು ದೀಪ ಹಚ್ಚಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಶನಿವಾರ ಒಲೆ ಹೊತ್ತಿಸುತ್ತಿರಲಿಲ್ಲ. ಹತ್ತಿ ರಾಶಿ ರಾಶಿ ಬರುವ ಕಾಲದಲ್ಲೂ ಆತ ಶನಿವಾರ ಬಿಟ್ಟು ಭಾನುವಾರದ ಪಾಳಿ ಮಾಡುತ್ತಿದ್ದ. ಒಂದು ಸಂಜೆ ಕಿಟಕಿಯಲ್ಲಿ ಕಂಡದ್ದು ಇನ್ನೂ ವಿಚಿತ್ರ. ಗಂಡಹೆಂಡತಿ ಪಡುವಣ ದಿಕ್ಕಿನ ಬರೀ ಗೋಡೆಗೆ ಮುಖಮಾಡಿ ನಿಂತು ಏನೋ ಗುನುಗುತ್ತಿದ್ದರು. ಗೋಡೆಯ ಮೇಲೆ ಫೋಟೋ ಇಲ್ಲ, ಮುಂದೆ ಮೂರ್ತಿ ಇಲ್ಲ.

‘ಬಾನಾಮತಿ ಮಾಡಾಕತ್ತಾರೇನೋ ನೋಡ್ರಿ,’ ಎಂದು ಎದುರುಮನೆಯಾಕೆ ಅವ್ವನ ಕಿವಿಯಲ್ಲಿ ಊದಿ ಹೋದಳು. ಮಾಟಮಂತ್ರವನ್ನು ನಾನು ನಂಬುವುದಿಲ್ಲ. ಮನುಷ್ಯರನ್ನೂ ನಂಬುವುದಿಲ್ಲ, ಅಷ್ಟೇ.

ಮೆಟ್ಟಿಲ ಬಳಿ ಆತನನ್ನು ತಡೆದು ಕೇಳಿಯೇ ಬಿಟ್ಟೆ. ‘ಮೇಮು ಯೂದುಲಂ ಸಾರ್,’ ಎಂದ, ತಾವು ಯೆಹೂದಿಗಳೆಂದು. ಗೋಡೆಯ ಆ ದಿಕ್ಕಿಗೆ ಜೆರುಸಲೇಮ್ ಇದೆ, ತಮ್ಮ ಗುಡಿ ಅಲ್ಲಿತ್ತು, ಅದಕ್ಕೇ ಆ ಕಡೆ ನಿಲ್ಲುತ್ತೇವೆ ಎಂದ.

ನನಗೇ ಕಥೆ ಹೇಳುತ್ತಾನೆ! ಹೈಸ್ಕೂಲಿನಲ್ಲಿ ಇತಿಹಾಸ ಹೇಳಿ ಹೇಳಿ ಗಂಟಲು ಒಣಗಿಸಿಕೊಂಡವನು ನಾನು. ಇಸ್ರೇಲಿನ ಉತ್ತರದ ರಾಜ್ಯವನ್ನು ಅಸ್ಸೀರಿಯದವರು ಒಡೆದು ಜನರನ್ನು ಚದುರಿಸಿದ್ದು ಗೊತ್ತು. ಬಾಬಿಲೋನಿನ ಅರಸ ಜೆರುಸಲೇಮಿನ ಗುಡಿ ಸುಟ್ಟು ಜನರನ್ನು ಹಿಡಿದೊಯ್ದದ್ದು, ಪರ್ಷಿಯದ ದೊರೆ ಬಿಟ್ಟ ಮೇಲೆ ಅವರು ಮರಳಿ ಬಂದು ಮತ್ತೆ ಕಟ್ಟಿದ್ದು, ಅದನ್ನೂ ರೋಮನ್ನರು ಕೆಡವಿದ್ದು, ಎಲ್ಲವೂ ಗೊತ್ತು. ಆದರೆ ಚದುರಿದವರ ಒಂದು ಕವಲು ನಮ್ಮ ಆಂಧ್ರಕ್ಕೆ ಬಂತೆಂದರೆ ಪುರಾವೆ ಬೇಡವೇ? ಕೇಳಿದೆ. ‘ಪೆದ್ದಲು ಚೆಪ್ಪಾರು,’ ಎಂದ. ಹಿರಿಯರು ಹೇಳಿದರಂತೆ! ಅದೆಂಥ ಪುರಾವೆ?

ಖಾಲಿ ಮಾಡಿಸಲೇಬೇಕು ಅನಿಸಿತು. ಆದರೆ ಮನೆ ಅವ್ವನದು, ಆಕೆ ಹೂಂ ಅನ್ನಬೇಕು. ಆತನ ಹೆಂಡತಿ ತುಂಬಿದ ಬಸುರಿ. ಬಾನಾಮತಿಯ ಸುದ್ದಿ ಓಣಿ ತುಂಬ ಹಬ್ಬಿದ ಮೇಲೆ ಅವರಿಗೆ ಬೇರೆ ಮನೆ ಯಾರು ಕೊಡುತ್ತಾರೆ? ಅದಕ್ಕೇ ಅವ್ವ ಹಿಂದೆಮುಂದೆ ನೋಡುತ್ತಿದ್ದಳು.

ಹುಣ್ಣಿಮೆ ಬಂತು. ಪ್ರತಿ ಹುಣ್ಣಿಮೆಗೆ ಅವ್ವ ಅಂಗಳದಲ್ಲಿ ಪಡುವಣಕ್ಕೆ ಹೋಳಿಗೆಯ ಎಡೆ ಇಟ್ಟು ಕೈಮುಗಿಯುತ್ತಾಳೆ. ನಮ್ಮ ಮನೆದೇವತೆಯ ಗುಡಿ, ಊರಿನ ಸಮೇತ, ತುಂಗಭದ್ರಾ ಡ್ಯಾಮಿನ ನೀರಿನಲ್ಲಿ ಮುಳುಗಿದೆ. ಅಪ್ಪನ ತಾಯಿ ಅಲ್ಲಿಂದ ಎದ್ದು ಬಂದಾಗಿನಿಂದ ಎಡೆ ಆ ಕಡೆಗೇ. ಅವ್ವ ಆ ಗುಡಿಯನ್ನು ಕಂಡವಳಲ್ಲ, ಅತ್ತೆ ತೋರಿಸಿದ ದಿಕ್ಕಿಗೆ ಇಡುತ್ತಾ ಬಂದವಳು.

ಎಡೆಯ ಮುಂದೆ ಕೂತಿದ್ದ ಆಕೆಗೆ ಫೋನಿನ ನಕ್ಷೆ ಹಿಡಿದೆ. ‘ನೋಡಬೇ, ಜೆರುಸಲೇಮು ಇಲ್ಲಿಂದ ವಾಯವ್ಯಕ್ಕೈತಿ. ಆತ ನಿಲ್ಲೋದು ನೆಟ್ಟಗ ಪಡುವಲಕ್ಕ. ತನ್ನ ಗುಡಿ ಎಲ್ಲಿತ್ತು ಅಂತ ಗೊತ್ತಿಲ್ಲದಾವ ಎಂಥ ಯೆಹೂದಿ? ಸುಳ್ಳು ಹೇಳಾಕತ್ತಾನ.’

ಗೆದ್ದೆ ಅಂದುಕೊಂಡೆ. ಅವ್ವ ಫೋನನ್ನು ನೋಡಲಿಲ್ಲ, ಎಡೆಯನ್ನು ನೋಡಿದಳು.

‘ಅದರಾಗ ನಮ್ಮ ಡ್ಯಾಮೂ ಕಾಣ್ತೈತೇನು?’

‘ಕಾಣ್ತೈತಿ.’

‘ಹಂಗಾದ್ರ ನಂದೂ ನೋಡಿ ಹೇಳು. ಎಡಿ ಸರಿ ದಿಕ್ಕಿಗೆ ಇಟ್ಟೀನೇನು?’

ನೋಡಿದೆ. ನಮ್ಮ ಊರನ್ನು ನುಂಗಿದ ನೀರು ಪಡುವಣಕ್ಕಿರಲಿಲ್ಲ, ನೈಋತ್ಯಕ್ಕೆ ಸರಿದಿತ್ತು. ಸೊಸೆಯಾಗಿ ಬಂದಂದಿನಿಂದ ಆಕೆ ಇಟ್ಟ ಎಡೆಯೆಲ್ಲ ಸಿರುಗುಪ್ಪದ ಭತ್ತದ ಗದ್ದೆಗಳ ಕಡೆಗೆ ಮುಖಮಾಡಿತ್ತು. ಅವ್ವ ನನ್ನ ಮುಖವನ್ನೇ ನೋಡುತ್ತಿದ್ದಳು.

‘ಸರಿ ಐತಿಬೇ,’ ಎಂದೆ.

‘ಹಂಗಾದ್ರ ಆತಂದೂ ಸರೀನ ಇರ್ತೈತಿ,’ ಎಂದಳು ಅವ್ವ. ‘ಆಕಿ ಬಾಣಂತನ ಇಲ್ಲೇ ಆಗಲಿ.’

ಅವ್ವನಿಗೆ ಮೊದಲೇ ಎಲ್ಲ ಗೊತ್ತಿತ್ತೇನೋ ಎಂಬ ಅನುಮಾನ ನನಗೆ ಈಗಲೂ ಇದೆ.