ಮೂರನೆಯ ಪರಿಶೀಲಕರ ವರದಿ

ನನ್ನ ಸಂಶೋಧನಾ ಲೇಖನವನ್ನು ತಿರಸ್ಕರಿಸಿದ ವಿಜ್ಞಾನ ಪತ್ರಿಕೆಯ ಸಂಪಾದಕರು ಅದನ್ನು ಓದಿಲ್ಲ. ಅದರ ಮೇಲೆ ಬಂದ ವರದಿಯನ್ನೂ ಓದಿಲ್ಲ. ಇದು ಸಂಶಯವಲ್ಲ, ಆರೋಪ. ಮೂಡಬಿದಿರೆಯ ಕಾಲೇಜೊಂದರಲ್ಲಿ ಐದು ವರ್ಷದಿಂದ ಅತಿಥಿ ಉಪನ್ಯಾಸಕಿಯಾಗಿದ್ದು, ಇನ್ನೂ ಅತಿಥಿಯಾಗಿಯೇ ಉಳಿದವಳು ನಾನು. ಸಾಕ್ಷಿಯಿಲ್ಲದೆ ಜಗಳಕ್ಕೆ ಇಳಿಯುವಷ್ಟು ಧೈರ್ಯ ನನಗಿಲ್ಲ.

ಬೆಳ್ತಂಗಡಿ ತಾಲೂಕಿನ ಮಡಂತ್ಯಾರಿನ ಆಸುಪಾಸಿನಲ್ಲಿ ಕೆಂಪುಕಲ್ಲು ಕಡಿದು ಬಿಟ್ಟ ಕೋರೆಗಳು ಮಳೆಗಾಲದಲ್ಲಿ ತುಂಬಿ ಹೊಂಡಗಳಾಗುತ್ತವೆ. ಅಂಥ ಹನ್ನೊಂದು ಹೊಂಡಗಳಲ್ಲಿ ಕಪ್ಪೆಗಳು ಯಾವ ಬದಿಯಲ್ಲಿ ಮೊಟ್ಟೆಯಿಡುತ್ತವೆ ಎಂಬುದನ್ನು ಎರಡು ಮಳೆಗಾಲ ಗಮನಿಸಿದೆ. ಮೂರು ಕೊಡೆಗಳೂ ನೆಂಟರಿಷ್ಟರ ನಡುವೆ ಇದ್ದ ಅಲ್ಪಸ್ವಲ್ಪ ಗೌರವವೂ ಇದಕ್ಕೆ ವ್ಯಯವಾದವು. ಒಂದು ಲೇಖನಕ್ಕಾದರೂ ಪತ್ರಿಕೆಯ ಒಪ್ಪಿಗೆ ಸಿಗದೆ ಪಿಎಚ್‌ಡಿಯ ಮಹಾಪ್ರಬಂಧ ಸಲ್ಲಿಸುವಂತಿಲ್ಲ ಎಂಬುದು ನಮ್ಮಲ್ಲಿಯ ನಿಯಮ. ಸಲ್ಲಿಸುವ ಗಡುವು ಮುಂದಿನ ತಿಂಗಳ ಕೊನೆಗೆ ಮುಗಿಯುತ್ತದೆ. ತಪ್ಪಿದರೆ ನನ್ನ ನೋಂದಣಿಯೇ ರದ್ದು.

ಒಪ್ಪಿಗೆಯ ಮೊದಲು ಅದೇ ವಿಷಯ ಬಲ್ಲ ಇಬ್ಬರು ಮೂವರು ಹೆಸರು ಮರೆಸಿಕೊಂಡು ಲೇಖನವನ್ನು ಓದಿ ಅಭಿಪ್ರಾಯ ಕೊಡಬೇಕು. ಇದಕ್ಕೆ ಸಹತಜ್ಞರ ಪರಿಶೀಲನೆ ಎಂದು ಹೆಸರು. ಇದು ವಿಜ್ಞಾನದಷ್ಟೇ ಹಳೆಯದೆಂದು ನಾನು ನಂಬಿದ್ದೆ. ವಿದ್ಯಾರ್ಥಿಗಳಿಗೆ ಹಾಗೆಯೇ ಪಾಠವನ್ನೂ ಮಾಡಿದ್ದೆ, ಅವರ ಕ್ಷಮೆ ಕೋರುತ್ತೇನೆ. ಮೂರೂವರೆ ಶತಮಾನಗಳ ಹಿಂದೆ ಯುರೋಪಿನಲ್ಲಿ ಮೊದಲ ಪತ್ರಿಕೆಗಳು ಹೊರಟಾಗ ಸಂಪಾದಕನೇ ಓದಿ, ತನಗೆ ಹಿಡಿಸಿದ್ದನ್ನು ಅಚ್ಚುಹಾಕಿಸುತ್ತಿದ್ದ. ಆಮೇಲೆ ವಿದ್ವತ್‌ಸಭೆಗಳು ತಮ್ಮ ಸದಸ್ಯರ ಅಭಿಪ್ರಾಯ ಕೇಳತೊಡಗಿದವು. ಹೊರಗಿನವರಿಗೆ ಕಳುಹಿಸಿಯೇ ಆಗಬೇಕೆಂಬ ಕಟ್ಟಳೆ ಎಲ್ಲೆಡೆ ಬೇರೂರಿದ್ದು ಕಳೆದ ಶತಮಾನದ ಉತ್ತರಾರ್ಧದಲ್ಲಿ. ಅಷ್ಟರಲ್ಲಿ ಲೇಖನಗಳು ಹೆಚ್ಚಿದ್ದವು, ಪ್ರತಿ ತೆಗೆಯುವ ಯಂತ್ರವೂ ಬಂದಿತ್ತು. ಅಂದರೆ, ನಾವು ಸನಾತನವೆಂದು ಕೈಮುಗಿಯುತ್ತಿರುವ ಈ ಪದ್ಧತಿ ಹೆಚ್ಚುಕಡಿಮೆ ಜೆರಾಕ್ಸ್ ಅಂಗಡಿಯ ಓರಗೆಯದು.

ಲೇಖನ ಕಳುಹಿಸಿದ ಹದಿನಾಲ್ಕು ತಿಂಗಳ ತರುವಾಯ ನನಗೆ ಉತ್ತರ ಬಂತು. ಮೊದಲನೆಯ ಪರಿಶೀಲಕರು "ಚೆನ್ನಾಗಿದೆ" ಎಂದಷ್ಟೇ ಬರೆದಿದ್ದರು. ಎರಡನೆಯವರ ಪ್ರಶ್ನೆ ಹೀಗಿತ್ತು: "ಚಳಿಗಾಲದಲ್ಲಿ ಹೊಂಡದ ನೀರು ಹೆಪ್ಪುಗಟ್ಟಿದಾಗ ಮೊಟ್ಟೆಗಳ ಗತಿಯೇನು? ಲೇಖಕರು ಇದನ್ನೇಕೆ ಮುಚ್ಚಿಟ್ಟಿದ್ದಾರೆ?"

ಇದನ್ನು ನಾನು ಮೊದಲು ಹೇಳಿದ್ದು ಮೋನಪ್ಪಣ್ಣನಿಗೆ. ಅವರು ಮನೆ ಕಟ್ಟುವ ಮೇಸ್ತ್ರಿ. ಕಲ್ಲು ಆರಿಸಲು ಕೋರೆಗೆ ಬರುವವರು, ನನಗೆ ಹೊಂಡಗಳನ್ನು ತೋರಿಸಿಕೊಟ್ಟವರು.

"ಅವರ ಹೆಸರೆಂತ ಟೀಚರ್?"

"ಹೇಳುವುದಿಲ್ಲ."

"ನನಗೆ ಹೇಳಿದರೆ ಎಂತ ಆಗ್ತದೆ?"

"ನನಗೇ ಹೇಳುವುದಿಲ್ಲ ಮೋನಪ್ಪಣ್ಣ. ಗುಟ್ಟು."

"ಎಂತ ಮಾರಾಯ್ರೆ, ಕಳ್ಳರಾ?"

"ಅಲ್ಲ, ಪ್ರೊಫೆಸರುಗಳು."

ಅವರು ಕಾಲಡಿಯ ಬಂಡೆಯನ್ನೊಮ್ಮೆ ತಟ್ಟಿದರು. "ಏಪ್ರಿಲಿನಲ್ಲಿ ಒಮ್ಮೆ ಕರ್ಕೊಂಡು ಬನ್ನಿ. ಈ ಪಾದೆಕಲ್ಲಿನ ಮೇಲೆ ಬರಿಗಾಲಲ್ಲಿ ನಿಲ್ಲಿಸುವ. ಹೆಪ್ಪುಗಟ್ಟುವುದು ಎಂತದ್ದು ಅಂತ ಅವರೇ ಬರೀತಾರೆ."

ಮೋನಪ್ಪಣ್ಣನೂ ಪರಿಶೀಲಕರೇ. ಸುತ್ತಿಗೆಯಿಂದ ಕಲ್ಲನ್ನು ತಟ್ಟಿ, ಸದ್ದು ಕೇಳಿ, ಕಡಿದವನ ಎದುರೇ "ಇದು ಆಗ್ಲಿಕ್ಕಿಲ್ಲ, ಒಳಗೆ ಮಣ್ಣು ಉಂಟು" ಎನ್ನುತ್ತಾರೆ. "ನಿಮ್ಮ ಕಿವಿಯಲ್ಲಿ ಉಂಟು ಮಣ್ಣು!" ಎಂದು ಅವನು ಹಾರುತ್ತಾನೆ. ಹತ್ತು ನಿಮಿಷ ಇಬ್ಬರ ವಂಶಾವಳಿಯೂ ಚರ್ಚೆಗೆ ಬರುತ್ತದೆ. ಕೊನೆಗೆ ಕಲ್ಲನ್ನು ಒಡೆದು ಇಬ್ಬರೂ ಬಗ್ಗಿ ನೋಡುತ್ತಾರೆ. ಬೆಳ್ತಂಗಡಿ ತಾಲೂಕಿನಲ್ಲಿ ನಾನು ಕಂಡ ಅತ್ಯಂತ ವೈಜ್ಞಾನಿಕ ವಿಧಾನ ಇದೇ.

ನಮ್ಮಲ್ಲಿ ನೀರು ಹೆಪ್ಪುಗಟ್ಟುವುದಿಲ್ಲವೆಂದು, ಉಷ್ಣತೆಯ ಪಟ್ಟಿ ಲಗತ್ತಿಸಿ, ವಿನಯದಿಂದ ಉತ್ತರಿಸಿದೆ. ಇಬ್ಬರಲ್ಲಿ ಭಿನ್ನಾಭಿಪ್ರಾಯವಿರುವುದರಿಂದ ಮೂರನೆಯ ತಜ್ಞರನ್ನು ಹುಡುಕುತ್ತಿದ್ದೇವೆಂದು ಪತ್ರಿಕೆಯವರು ತಿಳಿಸಿದರು. ಹತ್ತು ದಿನಗಳಲ್ಲಿ ನನಗೆ ಇನ್ನೊಂದು ಮಿಂಚಂಚೆ ಬಂತು: "ಕೋರೆಹೊಂಡದ ಕಪ್ಪೆಗಳ ವಿಷಯದಲ್ಲಿ ತಜ್ಞರಾದ ತಾವು ಒಂದು ಲೇಖನವನ್ನು ಪರಿಶೀಲಿಸಿಕೊಡಬೇಕು." ಎರಡು ದಿನ ನಾನು ನೆಲದ ಮೇಲೆ ನಡೆಯಲಿಲ್ಲ. ಅಮ್ಮ ಬಂಟ್ವಾಳದ ನಮ್ಮ ಬೀದಿಗೆಲ್ಲ ಸುದ್ದಿ ಮುಟ್ಟಿಸಿದರು. ಮೂರನೆಯ ದಿನ ಲೇಖನ ತೆರೆದೆ. ಲೇಖಕರ ಹೆಸರನ್ನು ಅಳಿಸಿದ್ದರು. ಮೊದಲ ಚಿತ್ರದಲ್ಲಿ, ಮೊಟ್ಟೆಗಳ ಪಕ್ಕದಲ್ಲಿ, ಅಳತೆಗೆಂದು ನಾನೇ ಇಟ್ಟಿದ್ದ ನನ್ನ ಹವಾಯಿ ಚಪ್ಪಲಿ ಇತ್ತು.

ಲೇಖನ ನನ್ನದೆಂದು ತಕ್ಷಣ ಬರೆದು ತಿಳಿಸಿದೆ. "ಲೇಖಕರು ಯಾರೆಂದು ಊಹಿಸಲು ದಯವಿಟ್ಟು ಯತ್ನಿಸಬೇಡಿ" ಎಂಬ ಯಾಂತ್ರಿಕ ಉತ್ತರ ಬಂತು. ಮತ್ತೆ ಬರೆದೆ. ವರದಿಗೆ ಐದೇ ದಿನ ಉಳಿದಿದೆಯೆಂಬ ಎಚ್ಚರಿಕೆ ಬಂತು. ವರದಿಯಿಲ್ಲದೆ ಕಡತ ಮುಂದೆ ಹೋಗದು, ಗಡುವೋ ಕಾಯದು. "ಈ ಲೇಖನ ನನ್ನದೇ" ಎಂಬುದನ್ನೇ ಮೊದಲ ಸಾಲಾಗಿಸಿ ವರದಿ ಬರೆಯಲು ಕುಳಿತೆ.

ಹೊಗಳುವ ಉದ್ದೇಶವಿತ್ತು, ಸುಳ್ಳಾಡುವುದಿಲ್ಲ. ಆದರೆ ಪರಕೀಯಳಂತೆ ಓದುತ್ತ ಹೋದಾಗ ಒಂದು ತಪ್ಪು ಕಣ್ಣಿಗೆ ಬಿತ್ತು. ನಾಲ್ಕನೆಯ ಮತ್ತು ಐದನೆಯ ಹೊಂಡಗಳು ಜೂನ್ ತಿಂಗಳಲ್ಲಿ ಮಾತ್ರ ಎರಡು. ಜುಲೈಯಲ್ಲಿ ನೀರೇರಿ ಒಂದೇ ಆಗುತ್ತವೆ. ನಾನು ಅದರ ಆಚೆ ದಂಡೆಯಲ್ಲೊಮ್ಮೆ ಈಚೆ ದಂಡೆಯಲ್ಲೊಮ್ಮೆ ನಿಂತು ಅವೇ ಮೊಟ್ಟೆಗಳನ್ನು ಎರಡು ಸಲ ಎಣಿಸಿದ್ದೆ. ಇಬ್ಬರು ತಜ್ಞರು ಕಾಣದ ತಪ್ಪು! ನಾಚಿಕೆಯೂ ಹೆಮ್ಮೆಯೂ ಒಟ್ಟಿಗೇ ಆಯಿತು. ಪಟ್ಟಿಯನ್ನು ತಿದ್ದಿಸಿ ಪ್ರಕಟಿಸಬಹುದು, ತೀರ್ಮಾನವೇನೂ ಬದಲಾಗದು ಎಂದು ಶಿಫಾರಸು ಮಾಡಿ ಕಳುಹಿಸಿದೆ.

ವಾರದೊಳಗೆ ಎರಡು ಪತ್ರ ಬಂದವು. ಒಂದು ಲೇಖಕಿಗೆ: "ಮೂರನೆಯ ಪರಿಶೀಲಕರ ಗಂಭೀರ ಆಕ್ಷೇಪದ ಹಿನ್ನೆಲೆಯಲ್ಲಿ ತಮ್ಮ ಲೇಖನವನ್ನು ತಿರಸ್ಕರಿಸಲಾಗಿದೆ." ಇನ್ನೊಂದು ಮೂರನೆಯ ಪರಿಶೀಲಕರಿಗೆ: ನಿಷ್ಪಕ್ಷಪಾತ ಸೇವೆಗಾಗಿ ಪ್ರಶಂಸಾಪತ್ರ. ಎರಡನೆಯದಕ್ಕೆ ಅಮ್ಮ ಚೌಕಟ್ಟು ಹಾಕಿಸಿದ್ದಾರೆ.

ಪರಿಶೀಲನೆಯೇ ಬೇಡವೆಂದು ನಾನು ಹೇಳಲಾರೆ. ನನ್ನ ತಪ್ಪು ಸಿಕ್ಕಿದ್ದು ಅದರಿಂದಲೇ. ಆದರೆ ನಿರ್ಣಯವೊಂದು ಉಂಟು, ನಿರ್ಣಯಿಸಿದವರು ಯಾರೂ ಇಲ್ಲ ಎಂದರೆ ನಾನು ಯಾರೊಡನೆ ಜಗಳವಾಡಲಿ?

ಆದುದರಿಂದ ಸಂಪಾದಕ ಮಂಡಳಿಯನ್ನು ವಿಧ್ಯುಕ್ತವಾಗಿ ಕೋರುವುದೇನೆಂದರೆ: ತಿರಸ್ಕಾರದ ತೀರ್ಮಾನ ಯಾರದೆಂದು ತಿಳಿಸತಕ್ಕದ್ದು. ಮೂರನೆಯ ವರದಿಯನ್ನು ರದ್ದುಪಡಿಸಿ, ನನ್ನ ಬಂಧುವಲ್ಲದ, ನಾನೂ ಅಲ್ಲದ ಒಬ್ಬರಿಗೆ ಲೇಖನವನ್ನು ಕಳುಹಿಸತಕ್ಕದ್ದು. ಹತ್ತು ಹೊಂಡಗಳ ತಿದ್ದಿದ ಪಟ್ಟಿ ಇದರೊಂದಿಗಿದೆ. ಹದಿನೈದು ದಿನಗಳೊಳಗೆ ಲಿಖಿತ ಉತ್ತರ ಬೇಕು. ಮತ್ತೆ ತಿರಸ್ಕರಿಸುವ ಹಕ್ಕು ನಿಮಗೆ ಇದ್ದೇ ಇದೆ. ಓದಿ ತಿರಸ್ಕರಿಸಿ, ಕೆಳಗೆ ಮನುಷ್ಯರೊಬ್ಬರು ಸಹಿ ಹಾಕಲಿ.